ಆರ್‌ಎಕ್ಸ್ ಕೊಟ್ಟು ಆರ್‌ಡಿ ತಗೋಬೇಕಾ? ಹಳೆ ಜಪಾನಿ ಗಾಡಿ ಬದಲಿ ಮಾಡೋ ಮುಂಚೆ ನೋಡಬೇಕಾದ್ದು

ಬೆಳಗಾವಿಯಲ್ಲಿ ಹಳೆ ಯಮಹಾ ಆರ್‌ಎಕ್ಸ್ 100 ಬೈಕ್ ಇಟ್ಟುಕೊಂಡವರಿಗೆ ಈ ಮಾತು ಹೊಸದಲ್ಲ. ಗೋವಾವೇಸ್ ಸಿಗ್ನಲ್‌ನಲ್ಲಿ ಪಕ್ಕಕ್ಕೆ ಗಾಡಿ ತಂದು ನಿಲ್ಲಿಸಿದವರು, ಪೆಟ್ರೋಲ್ ಪಂಪ್‌ನಲ್ಲಿ ಹಿಂದೆ ನಿಂತವರು ಕೇಳಿಯೇ ಕೇಳುತ್ತಾರೆ: "ಕೊಡ್ತೀರೇನ್ರಿ? ನನ್ನ ಹತ್ರ ಆರ್‌ಡಿ ಐತಿ. ನಿಮ್ದು ಕೊಟ್ಟು ಮ್ಯಾಲ ಇಷ್ಟ ರೊಕ್ಕ ಕೊಟ್ರ ಮುಗೀತು." ಆರ್‌ಡಿ ಅಂದರೆ ರಾಜ್‌ದೂತ್ 350 ಬೈಕ್. ಗಾಡಿ ಮಾರಿ, ಗಿರಾಕಿ ಕಾಯ್ದು, ಆಮೇಲೆ ಇನ್ನೊಂದು ಹುಡುಕುವುದಕ್ಕಿಂತ ಬದಲಿ ವ್ಯವಹಾರ ಹಗುರ ಅನಿಸುವುದು ಸಹಜ.

ಆದರೆ ಬದಲಿಯಲ್ಲಿ ಒಂದು ಲೆಕ್ಕ ಬಿಟ್ಟುಹೋಗುತ್ತದೆ. ನಿಮ್ಮ ಗಾಡಿಯ ರೋಗವೆಲ್ಲ ನಿಮಗೆ ಗೊತ್ತು. ಚಳಿಗಾಲದ ಬೆಳಿಗ್ಗೆ ಎಷ್ಟು ಕಿಕ್ಕಿಗೆ ಏಳುತ್ತದೆ, ಯಾವ ಗೇರ್‌ನಲ್ಲಿ ಗುಂಯ್ ಅನ್ನುತ್ತದೆ, ಕೊನೆಯ ಸಲ ಕ್ರ್ಯಾಂಕ್ (ಎಂಜಿನ್ ಒಳಗೆ ತಿರುಗುವ ಮುಖ್ಯ ದಂಡ) ಕಟ್ಟಿದವರು ಯಾರು ಎಂಬುದೆಲ್ಲ. ಗಾಡಿ ಕೊಟ್ಟ ದಿನ ಆ ತಿಳಿವಳಿಕೆಯನ್ನೂ ಕೊಟ್ಟುಬಿಡುತ್ತೀರಿ. ಅದಕ್ಕೆ ಯಾರೂ ರೊಕ್ಕ ಎಣಿಸುವುದಿಲ್ಲ. ಬರುವ ಗಾಡಿಯ ಬಗ್ಗೆ ಅದರ ಅರ್ಧದಷ್ಟಾದರೂ ತಿಳಿಯುವ ತನಕ ಹೂಂ ಅನ್ನಬೇಡಿ. ಕೆಳಗೆ ಬರೆದದ್ದೆಲ್ಲ ಅದನ್ನು ತಿಳಿಯುವ ದಾರಿ.

ಮೊದಲು: ಯಾವುದಕ್ಕೆ ಬೇಕು?

ನಮ್ಮಲ್ಲಿ ಹಳೆ ಜಪಾನಿ ಗಾಡಿ ಅಂದರೆ ಹೆಚ್ಚಾಗಿ ಎಂಬತ್ತರ ದಶಕದಲ್ಲಿ ಜಪಾನಿ ಕಂಪನಿಗಳ ಸಹಯೋಗದಲ್ಲಿ ಇಲ್ಲೇ ತಯಾರಾದ ಗಾಡಿಗಳು. 1983ರಲ್ಲಿ ಎಸ್ಕಾರ್ಟ್ಸ್ ಹೊರತಂದ ರಾಜ್‌ದೂತ್ 350, ಅದೇ ಆರ್‌ಡಿ. 1984ರ ಇಂಡ್-ಸುಜುಕಿ ಎಎಕ್ಸ್ 100. 1985ರ ಹೀರೋ ಹೋಂಡಾ ಸಿಡಿ 100 ಮತ್ತು ಯಮಹಾ ಆರ್‌ಎಕ್ಸ್ 100. ಅದರ ಮರುವರ್ಷ ಕವಾಸಕಿ ಬಜಾಜ್ ಕೆಬಿ 100. ತೊಂಬತ್ತರಲ್ಲಿ ಶೋಗನ್, ಸಮುರಾಯ್, ಆಮೇಲೆ ಆರ್‌ಎಕ್ಸ್ 135. ಬದಲಿಯ ಮಾತು ಬರುವುದು ಬಹುಪಾಲು ಇವುಗಳ ನಡುವೆಯೇ.

ದಿನಾ ವಡಗಾವಿಯಿಂದ ಕ್ಯಾಂಪ್‌ಗೆ ಕೆಲಸಕ್ಕೆ ಹೋಗುವ ಗಾಡಿ ಬೇಕಾದರೆ ಆರ್‌ಡಿ ಕಡೆ ನೋಡಲೇಬೇಡಿ. ಲೀಟರಿಗೆ ಇಪ್ಪತ್ತರ ಆಸುಪಾಸು ಕೊಡುವ ಗಾಡಿ ಅದು. ಖಡೇಬಜಾರ್ ಗದ್ದಲದಲ್ಲಿ ಕ್ಲಚ್ ಹಿಡಿದು ಹಿಡಿದು ಕೈ ಬೀಳುತ್ತದೆ. ಭಾನುವಾರ ಬೆಳಿಗ್ಗೆ ಚೋರ್ಲಾ ಘಾಟ್ ಇಳಿದು ಬರುವುದಕ್ಕೆ, ಹೆದ್ದಾರಿಯಲ್ಲಿ ಕಾಕತಿ ದಾಟಿ ಒಮ್ಮೆ ಎಳೆಯುವುದಕ್ಕೆ ಬೇಕಾದರೆ ಅದರ ಮುಂದೆ ಇನ್ನೊಂದಿಲ್ಲ. ಎರಡು ಸಿಲಿಂಡರ್, 347 ಸಿಸಿ, ಆರು ಗೇರ್. ಹೈ ಟಾರ್ಕ್ ಅನ್ನುವ ಮೊದಲಿನದಕ್ಕೆ 30.5 ಅಶ್ವಶಕ್ತಿ, ಆಮೇಲೆ ಬಂದ ಲೋ ಟಾರ್ಕ್‌ಗೆ 27. ನಿಲ್ಲಿಸುವ ವಿಷಯದಲ್ಲಿ ಮಾತ್ರ ಕಂಜೂಸಿ: ಹೊರದೇಶದ ಆರ್‌ಡಿಗೆ ಮುಂದೆ ಡಿಸ್ಕ್ ಬ್ರೇಕ್ ಇತ್ತು, ನಮ್ಮದಕ್ಕೆ ಡ್ರಮ್. ಆರ್‌ಎಕ್ಸ್ ಓಡಿಸಿ ರೂಢಿಯಾದವರು ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಆರ್‌ಡಿ ಹತ್ತಬೇಕು.

ಇನ್ನೊಂದು ವ್ಯತ್ಯಾಸವನ್ನು ಯಾರೂ ಹೇಳುವುದಿಲ್ಲ. ಆರ್‌ಎಕ್ಸ್‌ಗೆ ಸಿಡಿಐ ಅನ್ನುವ ಎಲೆಕ್ಟ್ರಾನಿಕ್ ಕಿಡಿ ವ್ಯವಸ್ಥೆ, ಬ್ಯಾಟರಿ ಸತ್ತು ವರ್ಷವಾಗಿದ್ದರೂ ಕಿಕ್ ಹೊಡೆದರೆ ಏಳುತ್ತದೆ. ಆರ್‌ಡಿಗೆ ಕಿಡಿ ಕೊಡಲು ಹಳೆ ಕಾಲದ ಪಾಯಿಂಟ್, ಅದೂ ಎರಡು, ಕರೆಂಟ್ ಬರುವುದು ಬ್ಯಾಟರಿಯಿಂದ. ಬ್ಯಾಟರಿ ಕುಂದಿದರೆ ಗಾಡಿ ನಿಂತಲ್ಲೇ. ತಿಂಗಳಿಗೊಮ್ಮೆ ಹೊರಗೆ ತೆಗೆಯುವವರಿಗೆ ಆರ್‌ಡಿ ಇದೇ ಕಾರಣಕ್ಕೆ ಬೇಸರ ತರಿಸುತ್ತದೆ.

ಮನೆಯಲ್ಲಿ ಇನ್ನೊಂದು ಗಾಡಿ ಇಲ್ಲದವರು ಆರ್‌ಎಕ್ಸ್ ಕೊಟ್ಟು ಆರ್‌ಡಿ ತರಬಾರದು ಅಂತ ನನ್ನ ಅಭಿಪ್ರಾಯ. ಸಿಡಿ 100 ಕೊಟ್ಟು ಆರ್‌ಎಕ್ಸ್ ತರುವುದಾದರೆ ಅಷ್ಟು ಯೋಚನೆ ಬೇಡ.

ಎರಡನೆಯದು: ಕಾಗದ, ಗಾಡಿಗಿಂತ ಮುಂಚೆ

ಗಾಡಿ ನೋಡಲು ಹೋದರೆ ಮನಸ್ಸು ಅಲ್ಲೇ ಸೋಲುತ್ತದೆ. ಆಮೇಲೆ ಆರ್‌ಸಿಯಲ್ಲಿ ಕೊರೆ ಕಂಡರೂ "ಆಗ್ತದ ಬಿಡು, ಏಜೆಂಟ್ ಮಾಡ್ಸಿ ಕೊಡ್ತಾನ" ಅನ್ನುತ್ತೇವೆ. ಅದಕ್ಕೆ ನಂಬರ್ ಮೊದಲು ಕೇಳಿ, ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕಿ. ಆರ್‌ಸಿ ಅವಧಿ, ಇನ್ಶೂರೆನ್ಸ್, ಗಾಡಿಯ ಮೇಲೆ ಸಾಲ ಇದೆಯೇ ಅನ್ನುವುದು ಅಲ್ಲೇ ಕಾಣುತ್ತವೆ. ಏನೂ ಬರದಿದ್ದರೆ ಹಳೆ ದಾಖಲೆ ಇನ್ನೂ ಕಂಪ್ಯೂಟರಿಗೆ ಏರಿಲ್ಲ ಅಂತ ಅರ್ಥ ಇರಬಹುದು. ಕೆಎ ಸರಣಿ ಬರುವ ಮುಂಚಿನ ಮೂರಕ್ಷರದ ನಂಬರುಗಳಲ್ಲಿ ಇದು ಸಾಮಾನ್ಯ. ಬ್ಯಾಕ್‌ಲಾಗ್ ಎಂಟ್ರಿ, ಅಂದರೆ ಹಳೆ ದಾಖಲೆಯನ್ನು ಕಂಪ್ಯೂಟರಿಗೆ ಏರಿಸುವ ಕೆಲಸ, ಈಗಿನ ಮಾಲೀಕರದ್ದು, ಬದಲಿ ಮಾಡುವ ಮುಂಚೆಯೇ. ಆಮೇಲೆ ಮಾಡೋಣ ಅಂದರೆ ಅದು ನಿಮ್ಮ ತಲೆಗೆ ಬರುತ್ತದೆ.

ಆರ್‌ಸಿಯಲ್ಲಿ ಯಾರ ಹೆಸರಿದೆ? ಈ ವಯಸ್ಸಿನ ಗಾಡಿಗಳು ಎಷ್ಟೋ ಸಲ ಅಪ್ಪನ ಹೆಸರಲ್ಲಿ, ಕಾಕಾನ ಹೆಸರಲ್ಲಿ ಇರುತ್ತವೆ, ಅವರು ತೀರಿಕೊಂಡಿರುತ್ತಾರೆ. ಆಗ ನೇರ ವರ್ಗಾವಣೆ ಆಗುವುದಿಲ್ಲ. ಮೊದಲು ಫಾರ್ಮ್ 31ರಲ್ಲಿ ವಾರಸುದಾರರ ಹೆಸರಿಗೆ ಬರಬೇಕು, ಆಮೇಲೆ ನಿಮಗೆ. ಅಣ್ಣತಮ್ಮಂದಿರು, ಅಕ್ಕತಂಗಿಯರು ಇದ್ದರೆ ಅವರ ಒಪ್ಪಿಗೆಯೂ ಬೇಕು. ಹಳೆ ಮಾಲೀಕರ ಸಹಿ ಹಾಕಿದ ಖಾಲಿ ಟಿಟಿ (ಮಾಲೀಕತ್ವ ವರ್ಗಾವಣೆ) ಫಾರ್ಮ್ ತೋರಿಸಿ "ಪೇಪರ್ ಕ್ಲಿಯರ್" ಅಂದರೆ ನಂಬಬೇಡಿ.

ನಂಬರ್ ಯಾವ ಊರಿನದು ಅನ್ನುವುದೂ ಮುಖ್ಯ. ಕೆಎ 22, 23, 24, 49 ಆದರೆ ನಮ್ಮ ಜಿಲ್ಲೆಯದೇ, ತಲೆನೋವು ಕಡಿಮೆ. ಕೊಲ್ಹಾಪುರದ ಎಂಎಚ್ 09, ಗೋವಾದ ಗಾಡಿ ಆದರೆ ಅಲ್ಲಿಂದ ಫಾರ್ಮ್ 28ರ ಎನ್‌ಒಸಿ ಬರಬೇಕು, ಇಲ್ಲಿ ತೆರಿಗೆ ಕಟ್ಟಬೇಕು, ನಂಬರ್ ಬದಲಾಗಬೇಕು. ಈ ಖರ್ಚು ಬದಲಿಯ ಲೆಕ್ಕದಲ್ಲಿ ಇಳಿಯಬೇಕು. ದಿಲ್ಲಿ ನಂಬರಿನ ಆರ್‌ಎಕ್ಸ್ ಅಗ್ಗಕ್ಕೆ ಸಿಕ್ಕರೆ ಖುಷಿ ಪಡುವ ಮುಂಚೆ ಕಾರಣ ಗೊತ್ತಿರಲಿ: ಅಲ್ಲಿ 15 ವರ್ಷ ದಾಟಿದ ಇಂಥ ಹಳೆ ಪೆಟ್ರೋಲ್ ಗಾಡಿಗೆ ರಸ್ತೆಗಿಳಿಯಲು ಬಿಡುವುದಿಲ್ಲ. ಎನ್‌ಒಸಿ ಸಿಕ್ಕಿದೆಯೋ, ನೋಂದಣಿಯೇ ರದ್ದಾಗಿದೆಯೋ ನೋಡದೆ ಮಾತಿಗೆ ಕೂರಬೇಡಿ.

ಕರ್ನಾಟಕದಲ್ಲಿ 15 ವರ್ಷವಾದ ಮಾತ್ರಕ್ಕೆ ಗಾಡಿ ಗುಜರಿಗೆ ಹೋಗುವುದಿಲ್ಲ. ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸುತ್ತಾ ಹೋಗಬಹುದು, ಜೊತೆಗೆ ಗ್ರೀನ್ ಟ್ಯಾಕ್ಸ್. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಬೈಕಿನ ನವೀಕರಣ ಶುಲ್ಕವನ್ನು 2,000 ರೂಪಾಯಿಗೆ ಏರಿಸಿದ್ದಾರೆ. ಅವಧಿ ಮುಗಿದು ವರ್ಷಗಳಾದ ಆರ್‌ಸಿ ಆದರೆ ತಡವಾದ ದಂಡವೂ ಸೇರುತ್ತದೆ. ನವೀಕರಿಸಿ ಕೊಡಿ ಅಂತಲೇ ಕೇಳಿ.

"ವಿಂಟೇಜ್ ಗಾಡಿ, ರೇಟ್ ಬೇರೆ" ಅನ್ನುವವರಿಗೆ ಒಂದು ಉತ್ತರ ಇಟ್ಟುಕೊಳ್ಳಿ. 2021ರ ಜುಲೈನಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ಮೀರಿ, ಮೂಲ ರೂಪದಲ್ಲೇ ಉಳಿದದ್ದು ಮಾತ್ರ ವಿಂಟೇಜ್. ಅದಕ್ಕೆ 'ವಿಎ' ಇರುವ ನಂಬರ್, ಹೊಸ ನೋಂದಣಿಗೆ 20,000 ರೂಪಾಯಿ, ಮತ್ತು ಅದನ್ನು ದಿನದ ಓಡಾಟಕ್ಕೆ ಬಳಸುವಂತಿಲ್ಲ. ಮೊದಲ ವರ್ಷದ ಆರ್‌ಎಕ್ಸ್ 100 ಆ ಸಾಲಿಗೆ ಬರುವುದೇ 2035ಕ್ಕೆ.

ಕೊನೆಗೆ ಗಾಡಿಯ ಹತ್ತಿರ ಹೋದಾಗ ಒಂದು ತೆಳು ಕಾಗದ, ಒಂದು ಪೆನ್ಸಿಲ್ ಒಯ್ಯಿರಿ. ಹ್ಯಾಂಡಲ್ ಕೆಳಗಿನ ಚಾಸಿ ನಂಬರ್ ಮೇಲೆ ಕಾಗದ ಇಟ್ಟು ಉಜ್ಜಿ. ಎಂಜಿನ್ ನಂಬರಿನದೂ ತೆಗೆಯಿರಿ. ಅಕ್ಷರದ ಅಳತೆ ಒಂದೇ ಸಮ ಇದೆಯೇ, ಸುತ್ತ ಗ್ರೈಂಡರ್ ಆಡಿಸಿದ ಗೀರು ಇದೆಯೇ ಎಂಬುದು ಕಣ್ಣಿಗಿಂತ ಪೆನ್ಸಿಲ್ಲಿಗೆ ಚೆನ್ನಾಗಿ ಸಿಗುತ್ತದೆ. ಎಂಜಿನ್ ನಂಬರ್ ಆರ್‌ಸಿಗೆ ಹೊಂದದಿದ್ದರೆ ಅಲ್ಲಿಗೆ ನಮಸ್ಕಾರ ಹೇಳಿ ಬನ್ನಿ. "ಎಂಜಿನ್ ಚೇಂಜ್ ಮಾಡ್ಸೇವ್ರಿ, ಎಂಟ್ರಿ ಮಾಡ್ಸಿಲ್ಲ ಅಷ್ಟ" ಅನ್ನುವ ಮಾತಿನಲ್ಲಿ ಆ 'ಅಷ್ಟ' ಬಹಳ ದೊಡ್ಡದು.

ಮೂರನೆಯದು: ತಣ್ಣಗಿನ ಎಂಜಿನ್

ಬರುತ್ತೇನೆ ಅಂತ ಹೇಳುವಾಗಲೇ ತಿಳಿಸಿ: ನಾನು ಬರುವ ತನಕ ಗಾಡಿ ಸ್ಟಾರ್ಟ್ ಮಾಡಬೇಡಿ. ಹೋದ ಕೂಡಲೇ ಸಿಲಿಂಡರಿನ ರೆಕ್ಕೆಗಳ ಮೇಲೆ ಕೈ ಇಡಿ. ಬಿಸಿ ಇದ್ದರೆ ನಿಮಗೆ ತೋರಿಸಲು ಇಷ್ಟವಿಲ್ಲದ ಯಾವುದೋ ಒಂದನ್ನು ಆಗಲೇ ಮುಗಿಸಿದ್ದಾರೆ. ಚಹಾ ಕುಡಿಯುತ್ತಾ ಕೂರಿ, ತಣಿಯಲಿ.

ಕಿಕ್ಕರ್ ಅನ್ನು ಕಾಲಿನಿಂದ ಹೊಡೆಯುವ ಮುಂಚೆ ಕೈಯಿಂದ ನಿಧಾನ ಒತ್ತಿ. ಒಂದು ಹಂತದಲ್ಲಿ ಗಟ್ಟಿಯಾಗಿ ತಡೆಯಬೇಕು. ಬೆಣ್ಣೆಯ ಹಾಗೆ ಇಳಿದುಹೋದರೆ ಪಿಸ್ಟನ್ ರಿಂಗ್ ಸವೆದಿವೆ ಅಥವಾ ಬೋರ್ (ಪಿಸ್ಟನ್ ಆಡುವ ಸಿಲಿಂಡರಿನ ಒಳಗೋಡೆ) ಹೋಗಿದೆ.

ಸ್ಟಾರ್ಟ್ ಆದ ಮೇಲೆ ಹೊಗೆ ನೋಡಿ. ಪೆಟ್ರೋಲ್ ಜೊತೆ ಆಯಿಲನ್ನೂ ಸುಡುವ ಟೂ ಸ್ಟ್ರೋಕ್ ಎಂಜಿನ್ ಹೊಗೆ ಬಿಡುವುದು ತಪ್ಪಲ್ಲ, ಎಂಜಿನ್ ಕಾದಂತೆ ಅದು ತೆಳುವಾಗಬೇಕು. ಕಾದರೂ ದಟ್ಟ ಬಿಳಿ ಹೊಗೆ ಬರುತ್ತಿದ್ದು, ಗೇರ್ ಆಯಿಲ್ ಸುಟ್ಟ ವಾಸನೆ ಇದ್ದರೆ ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್ ಸೋರುತ್ತಿದೆ, ಗೇರ್ ಬಾಕ್ಸಿನ ಆಯಿಲ್ ಎಂಜಿನ್ ಕುಡಿಯುತ್ತಿದೆ. ಮ್ಯಾಗ್ನೆಟ್ ಕಡೆಯ ಸೀಲ್ ಹೋಗಿದ್ದರೆ ಗುರುತು ಬೇರೆ: ಎಕ್ಸಲೇಟರ್ ತಿರುವಿ ಬಿಟ್ಟಾಗ ಎಂಜಿನ್ ಥಟ್ಟನೆ ಇಳಿಯದೆ, ಮೇಲೆಯೇ ಕೂಗುತ್ತಾ ನಿಂತು ಆಮೇಲೆ ಇಳಿಯುತ್ತದೆ. ಅಲ್ಲಿ ಗಾಳಿ ಒಳಗೆ ಎಳೆಯುತ್ತಿದೆ. ಪೆಟ್ರೋಲ್ ಆಯಿಲ್ ಕಡಿಮೆಯಾಗಿ ಗಾಳಿ ಹೆಚ್ಚಾದ ಟೂ ಸ್ಟ್ರೋಕ್ ಒಂದು ದಿನ ಹೆದ್ದಾರಿಯಲ್ಲೇ ಪಿಸ್ಟನ್ ಜಾಮ್ ಮಾಡುತ್ತದೆ. "ಕಾರ್ಬುರೇಟರ್ ಟ್ಯೂನಿಂಗ್ ಮಾಡಿದ್ರ ಸರಿ ಆಗ್ತೈತ್ರಿ" ಅಂದರೆ ತಲೆ ಆಡಿಸಿ, ಆದರೆ ಲೆಕ್ಕದಲ್ಲಿ ಕ್ರ್ಯಾಂಕ್ ಬಿಚ್ಚುವ ಖರ್ಚು ಬರೆದುಕೊಳ್ಳಿ.

ಎಂಜಿನ್ ನಿಲ್ಲಿಸಿ ಎಡಗಡೆಯ ಮ್ಯಾಗ್ನೆಟ್ ಕವರ್ ಬಿಚ್ಚಿಸಿ. ಆ ಚಕ್ರವನ್ನು ಎರಡೂ ಕೈಯಿಂದ ಹಿಡಿದು ಮೇಲೆ ಕೆಳಗೆ ಅಲುಗಾಡಿಸಿ. ಸ್ವಲ್ಪ ಟಕ್ ಅಂದರೂ ಕ್ರ್ಯಾಂಕ್ ಬೇರಿಂಗ್ ಮುಗಿದಿದೆ. ಇಷ್ಟಕ್ಕೂ ಒಪ್ಪದ ಮಾಲೀಕರ ಜೊತೆ ಮಾತು ಮುಂದುವರಿಸುವುದರಲ್ಲಿ ಅರ್ಥವಿಲ್ಲ.

ಆರ್‌ಡಿ ಆದರೆ ಇನ್ನೊಂದು ಪರೀಕ್ಷೆ. ಎರಡು ಸಿಲಿಂಡರಿನ ಗಾಡಿಯಲ್ಲಿ ಒಂದು ಅರ್ಧಂಬರ್ಧ ಕೆಲಸ ಮಾಡುತ್ತಿದ್ದರೂ ಗಾಡಿ ಓಡುತ್ತದೆ, ಆರ್‌ಎಕ್ಸ್ ಓಡಿಸಿದವರಿಗೆ ಅದೇ ಜೋರು ಅನಿಸುತ್ತದೆ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೆ ಎರಡೂ ಸೈಲೆನ್ಸರ್ ಬುಡಕ್ಕೆ ಬೆರಳಿನಿಂದ ಒಂದೊಂದು ಹನಿ ನೀರು ಚಿಮುಕಿಸಿ. ಒಂದರಲ್ಲಿ ಚುರ್ ಅಂದು ಆರಿ, ಇನ್ನೊಂದರಲ್ಲಿ ಹನಿ ಹಾಗೇ ಜಾರಿದರೆ ಆ ಕಡೆಯ ಸಿಲಿಂಡರ್ ಸೋಮಾರಿ. ಪಾಯಿಂಟ್ ಇರಬಹುದು, ಕಾರ್ಬುರೇಟರ್ ಇರಬಹುದು, ಕ್ರ್ಯಾಂಕ್ ನಡುವಿನ ಸೀಲೇ ಇರಬಹುದು. ಮೊದಲೆರಡು ಸಣ್ಣ ಕೆಲಸ, ಕೊನೆಯದಕ್ಕೆ ಇಡೀ ಎಂಜಿನ್ ಮೇಜಿನ ಮೇಲೆ ಬರಬೇಕು. ಆರ್‌ಡಿಯ ಆಯಿಲ್ ಪಂಪ್ ಇದೆಯೋ, ತೆಗೆದು ಟ್ಯಾಂಕಿಗೇ ಆಯಿಲ್ ಬೆರೆಸುತ್ತಿದ್ದಾರೋ ಕೇಳಿ. ಬೆರೆಸುವುದು ತಪ್ಪಲ್ಲ. ಆದರೆ ಗೊತ್ತಿಲ್ಲದೆ ಬರಿ ಪೆಟ್ರೋಲ್ ಹಾಕಿದರೆ ಎಂಜಿನ್ ಅಲ್ಲಿಗೆ ಮುಗಿಯಿತು.

"ಎಂಜಿನ್ ಬಿಚ್ಚೇ ಇಲ್ರಿ, ಸೀಲ್ ಐತಿ" ಅನ್ನುವ ಮಾತು ಇಷ್ಟು ಹಳೆಯ ಗಾಡಿಯಲ್ಲಿ ನಿಜವಾಗಿದ್ದರೂ ಒಳ್ಳೆಯ ಸುದ್ದಿಯಲ್ಲ. ಸರಿಯಾಗಿ ಬಿಚ್ಚಿ ಕಟ್ಟಿದ ಎಂಜಿನ್ ಮೇಲು. ಕೇಳಬೇಕಾದ್ದು ಎಷ್ಟನೇ ಬೋರ್ ಅಂತ. ಆರ್‌ಎಕ್ಸ್ 100ರ ಮೂಲ ಬೋರ್ 50 ಮಿ.ಮೀ. ಸವೆದಾಗ 0.25, 0.50, 0.75, ಕೊನೆಗೆ 1.00 ಮಿ.ಮೀ. ದೊಡ್ಡ ಪಿಸ್ಟನ್ ಹಾಕುತ್ತಾ ಹೋಗುತ್ತಾರೆ, ಆ ಅಂಕಿ ಪಿಸ್ಟನ್ ತಲೆಯ ಮೇಲೆ ಕೆತ್ತಿರುತ್ತದೆ. ಹೆಡ್ ಬಿಚ್ಚಿದರೆ ಕಾಣುತ್ತದೆ. ಎತ್ತಿನ ಸಂತೆಯಲ್ಲಿ ಬಾಯಿ ತೆರೆಸಿ ಹಲ್ಲು ನೋಡಿದ ಹಾಗೆಯೇ ಇದು, ನಾಚಿಕೆ ಪಡಬೇಕಿಲ್ಲ. 100 (ಅಂದರೆ 1.00) ಕಂಡರೆ ಮುಂದಿನ ಸಲ ಸ್ಲೀವ್, ಅಂದರೆ ಬೋರಿನೊಳಗೆ ಒತ್ತಿ ಕೂರಿಸುವ ಹೊಸ ಕೊಳವೆ, ಹಾಕಿಸಲೇಬೇಕು. ಬೋರ್ 58 ಮಿ.ಮೀ. ಇದ್ದರೆ ಅದು ಆರ್‌ಎಕ್ಸ್ 135ರ ಬ್ಲಾಕ್. ಪಿಕಪ್ ಮಜಾ ಇರುತ್ತದೆ, ಆರ್‌ಸಿಯಲ್ಲಿ ಮಾತ್ರ 98 ಸಿಸಿ ಅಂತಲೇ ಇರುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇಂಥ ಬದಲಾವಣೆಗೆ ಒಪ್ಪುವುದಿಲ್ಲ, ಅಪಘಾತವಾದಾಗ ಇನ್ಶೂರೆನ್ಸ್ ಕಂಪನಿ ಮೊದಲು ಹುಡುಕುವ ನೆಪವೂ ಅದೇ.

ಓಡಿಸಿ ನೋಡುವುದಕ್ಕೆ ಊರೊಳಗಿನ ರಸ್ತೆ ಬೇಡ. ಯಳ್ಳೂರು ದಾಟಿ ರಾಜಹಂಸಗಡದ ಏರು ಇದಕ್ಕೆಂದೇ ಮಾಡಿಸಿದಂತಿದೆ. ಎರಡನೇ ಗೇರ್‌ನಲ್ಲಿ ಪೂರ್ತಿ ಎಳೆಯಿರಿ. ಗೇರ್ ಹಾರಿ ನ್ಯೂಟ್ರಲ್ ಆದರೆ, ಎಂಜಿನ್ ಕೂಗಿ ಗಾಡಿ ಮುಂದೆ ಹೋಗದಿದ್ದರೆ, ಏನೆಂದು ನಾನು ಹೇಳಬೇಕಿಲ್ಲ. ಮೇಲೆ ತಲುಪಿ ಎಂಜಿನ್ ನಿಲ್ಲಿಸಿ ಪ್ಲಗ್ ಬಿಚ್ಚಿ. ಕಾಫಿ ಪುಡಿಯ ಬಣ್ಣ ಇದ್ದರೆ ಸರಿ, ಸುಣ್ಣದಂತೆ ಬೆಳ್ಳಗಿದ್ದರೆ ಎಂಜಿನ್ ಒಣಗಿ ಓಡುತ್ತಿದೆ, ಒದ್ದೆ ಕಪ್ಪಾದರೆ ಪೆಟ್ರೋಲ್ ಆಯಿಲ್ ಹೆಚ್ಚು. ಇಳಿಯುವಾಗ ಬ್ರೇಕ್ ಪರೀಕ್ಷೆ ತಾನಾಗಿಯೇ ಆಗುತ್ತದೆ.

ತುಕ್ಕು ಒಂದನ್ನು ಊರು ನೋಡಿ ಅಳೆಯಬಹುದು. ವಿಜಯಪುರ, ಬಾಗಲಕೋಟೆ ಕಡೆ ಬೆಳೆದ ಕೆಎ 28, 29ರ ಗಾಡಿಗಳ ಚಾಸಿ ಒಣಗಿ ಗಟ್ಟಿ ಇರುತ್ತದೆ, ರಬ್ಬರ್ ಮಾತ್ರ ಬಿಸಿಲಿಗೆ ಬಿರಿದಿರುತ್ತದೆ. ಖಾನಾಪುರ ಸೀಮೆಯ, ಗೋವಾದ ಗಾಡಿ ಆದರೆ ಬ್ಯಾಟರಿ ತಟ್ಟೆಯ ಕೆಳಗೆ, ಹಿಂದಿನ ಮಡ್‌ಗಾರ್ಡ್ ಒಳಗೆ, ಟ್ಯಾಂಕಿನ ಒಳಗೆ ಟಾರ್ಚ್ ಬಿಟ್ಟು ನೋಡಿ. ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇ 20ರಷ್ಟು ಎಥೆನಾಲ್ ಇರುತ್ತದೆ. ಹಳೆ ರಬ್ಬರ್ ಪೈಪು, ಸೀಲುಗಳಿಗೆ ಅದು ಆಗಿಬರುವುದಿಲ್ಲ, ನೀರನ್ನೂ ಎಳೆದುಕೊಳ್ಳುತ್ತದೆ. ಪೈಪುಗಳನ್ನು ಹೇಗೂ ಬದಲಿಸಬೇಕು ಅಂತಲೇ ಲೆಕ್ಕ ಹಾಕಿ.

ನಾಲ್ಕನೆಯದು: ನಾಳೆ ಇದನ್ನು ಬಿಚ್ಚುವವರು ಯಾರು?

ಆರ್‌ಎಕ್ಸ್‌ಗೆ ಪಿಸ್ಟನ್‌ನಿಂದ ಸೈಡ್ ಕವರ್ ತನಕ ಎಲ್ಲ ಸಿಗುತ್ತದೆ, ಅಸಲಿ ನಕಲಿ ಎರಡೂ. ಗಲ್ಲಿಗೊಬ್ಬ ಮಿಸ್ತ್ರಿ ಕಣ್ಣು ಮುಚ್ಚಿ ಕಟ್ಟುತ್ತಾನೆ. ಆರ್‌ಡಿ ಹೊರದೇಶಗಳಲ್ಲೂ ಮಾರಾಟವಾದದ್ದರಿಂದ ಪಿಸ್ಟನ್, ರಿಂಗ್, ಗ್ಯಾಸ್ಕೆಟ್ ಅಲ್ಲಿಂದ ತರಿಸಬಹುದು, ರೊಕ್ಕ ಹೆಚ್ಚು. ಮುಂದಿನ ಡ್ರಮ್‌ನಂಥ ನಮ್ಮಲ್ಲೇ ಮಾಡಿದ ಭಾಗ ಹೋದರೆ ಇನ್ನೊಂದು ಸತ್ತ ರಾಜ್‌ದೂತ್ ಹುಡುಕಬೇಕು. ಎಎಕ್ಸ್ 100, ಕೆಬಿ 100 ಪಾಡು ಇನ್ನೂ ಕಷ್ಟ, ಅವಕ್ಕೆ ಅಭಿಮಾನಿಗಳು ಕಡಿಮೆ. ಶೋಗನ್ ನೋಡಲು ಎಷ್ಟು ಚಂದ ಇದ್ದರೂ ಬಿಡಿಭಾಗದ ದಾರಿ ಗೊತ್ತಿಲ್ಲದೆ ತರಬೇಡಿ.

ಒಂದು ವಿಷಯದಲ್ಲಿ ಬೆಳಗಾವಿಯವರು ಪುಣ್ಯವಂತರು. ಮೂರನೇ ರೈಲ್ವೆ ಗೇಟ್ ದಾಟಿದರೆ ಉದ್ಯಮಬಾಗ. ಫೌಂಡ್ರಿ, ಲೇತ್, ಬೋರಿಂಗ್, ಗ್ರೈಂಡಿಂಗ್ ಎಲ್ಲ ಒಂದೇ ಕಡೆ. ಬೇರೆ ಊರಿನವರು ಭಾಗ ಸಿಗಲಿಲ್ಲ ಅಂತ ಕೈಬಿಟ್ಟದ್ದನ್ನು ಇಲ್ಲಿ ಸ್ಲೀವ್ ಒತ್ತಿಸಿ, ಬುಶ್ ಕಡೆಸಿ ಉಳಿಸಬಹುದು. ಗಾಡಿ ಒಪ್ಪುವ ಮುಂಚೆ ಹಳೆ ಕ್ರ್ಯಾಂಕ್ ಸಮ ಮಾಡುವ ಕೈ ಯಾರದು ಅಂತ ವಿಚಾರಿಸಿ, ಆರ್‌ಡಿ ಕ್ರ್ಯಾಂಕ್ ಮಾಡಿದ್ದಾರಾ ಅಂತ ಅವರನ್ನೇ ಕೇಳಿ. ಆರ್‌ಎಕ್ಸ್‌ನದು ಮಾಡಿದವರೆಲ್ಲ ಅದನ್ನು ಮಾಡಲಾರರು.

ಐದನೆಯದು: ಮೇಲಿನ ರೊಕ್ಕ

ಬದಲಿಯಲ್ಲಿ ಮೋಸ ಆಗುವುದು ಹೀಗೆ. ಅವರು ತಮ್ಮ ಗಾಡಿಯನ್ನು ಪೂರ್ತಿ ರಿಪೇರಿಯಾದರೆ ಎಷ್ಟಾಗುತ್ತದೋ ಆ ಬೆಲೆಗೆ ಹಿಡಿಯುತ್ತಾರೆ, ನಿಮ್ಮದನ್ನು ಇದ್ದ ಹಾಗೆ. ನಾವೂ ಬಿಟ್ಟೇವೆ? ಹಾಗೆಯೇ ಮಾಡುತ್ತೇವೆ. ಇದನ್ನು ಬಿಡಿಸಲು ಒಂದೇ ಪ್ರಶ್ನೆ: "ಬದಲಿ ಬ್ಯಾಡ್ರಿ, ರೊಕ್ಕಕ್ಕ ಕೊಡೋದಾದ್ರ ಇದನ್ನ ಎಷ್ಟಕ್ಕ ಕೊಡ್ತೀರಿ?" ಬದಲಿಯಲ್ಲಿ ಹೇಳಿದ ಬೆಲೆಗಿಂತ ಆಗ ಅಂಕಿ ಇಳಿಯುತ್ತದೆ. ಆ ಇಳಿದ ಅಂಕಿಯೇ ನಿಜವಾದದ್ದು. ನಿಮ್ಮ ಗಾಡಿಗೂ ಅದೇ ಪ್ರಶ್ನೆ ಕೇಳಿಕೊಂಡು, ಈ ವ್ಯವಹಾರದಲ್ಲಿ ಕಮಿಷನ್ ಇಲ್ಲದ ಮಿಸ್ತ್ರಿಯಿಂದ ಎರಡಕ್ಕೂ ಬೆಲೆ ಹೇಳಿಸಿ.

ಆಮೇಲೆ ಬರುವ ಗಾಡಿಗೆ ಮೊದಲ ವರ್ಷ ಬೀಳುವ ಖರ್ಚು ಬರೆಯಿರಿ: ಟೈರು, ಕ್ರ್ಯಾಂಕ್, ವೈರಿಂಗ್, ನವೀಕರಣ, ಹೊರರಾಜ್ಯದ್ದಾದರೆ ತೆರಿಗೆ. ನಿಮ್ಮದಕ್ಕೂ ಬರೆಯಿರಿ. ಎರಡರ ವ್ಯತ್ಯಾಸವನ್ನೂ ಕೂಡಿಸಿದ ಮೇಲೆ ಮೇಲಿನ ರೊಕ್ಕ ಎಷ್ಟು ಅಂತ ಮಾತಾಡಿ. "ಜಪಾನ್ ಮೇಕ್" ಅಂತ ಮೊದಲ ವರ್ಷದ ಆರ್‌ಎಕ್ಸ್‌ಗೆ ಹೆಚ್ಚು ಕೇಳುವುದುಂಟು. ಆರಂಭದಲ್ಲಿ ಜಪಾನಿನಿಂದ ಬಿಡಿಭಾಗ ತಂದು ಇಲ್ಲಿ ಜೋಡಿಸಿದ್ದು ನಿಜ, ಆದರೆ ಇಷ್ಟು ವರ್ಷದಲ್ಲಿ ಆ ಭಾಗಗಳಲ್ಲಿ ಎಷ್ಟು ಉಳಿದಿವೆ ಅಂತ ಒಂದೊಂದೇ ತೋರಿಸಲಿ.

ಆರನೆಯದು: ಕೊಟ್ಟು ತಗೊಳ್ಳುವ ದಿನ

ಬದಲಿ ಅಂದರೆ ಕಾನೂನಿನ ಕಣ್ಣಿಗೆ ಎರಡು ಮಾರಾಟ. ಎರಡಕ್ಕೂ ಬೇರೆ ಬೇರೆ ಮಾಲೀಕತ್ವ ವರ್ಗಾವಣೆಯ ಫಾರ್ಮ್ 29, 30. ಒಂದೇ ರಾಜ್ಯದೊಳಗಾದರೆ ಕೊಟ್ಟವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಪಡೆದವರು 30 ದಿನದೊಳಗೆ. ಇನ್ಶೂರೆನ್ಸ್ ಹೆಸರು ಬದಲಿಸಲು ಅರ್ಜಿ ಕೊಡುವುದಕ್ಕೂ 14 ದಿನ. ಗೆಳೆಯರ ನಡುವಿನ ಬದಲಿ ಅಂತ ಇದನ್ನು ಮುಂದೆ ಹಾಕಬೇಡಿ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಗಾಡಿ ಕೊಟ್ಟಾಗಿದ್ದರೂ ಅಪಘಾತದ ಪರಿಹಾರ ಅವರ ಮೇಲೆಯೇ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ನಿಮ್ಮ ಆರ್‌ಎಕ್ಸ್ ಮೇಲೆ ಬೇರೆಯವರ ಮಗ ಹೋಗಿ ಗುದ್ದಿದರೆ ನೋಟಿಸ್ ಬರುವುದು ನಿಮ್ಮ ಮನೆಗೆ.

ಆದ್ದರಿಂದ ಇಬ್ಬರೂ ಒಂದೇ ದಿನ ಆರ್‌ಟಿಒಗೆ ಹೋಗಿ, ಎರಡೂ ಅರ್ಜಿ ಒಟ್ಟಿಗೆ ಕೊಡಿ. ಒಬ್ಬರದು ಇವತ್ತು, ಇನ್ನೊಬ್ಬರದು ಮುಂದಿನ ವಾರ ಅನ್ನುವುದು ಬೇಡ. ಎರಡು ಪತ್ರ ಬರೆಯಿರಿ. ಚಾಸಿ ನಂಬರ್, ಎಂಜಿನ್ ನಂಬರ್, ದಿನಾಂಕ, ಕೊಟ್ಟ ಹೊತ್ತು, ಮೇಲಿನ ರೊಕ್ಕ ಎಲ್ಲ ಇರಲಿ. ರೊಕ್ಕ ಬ್ಯಾಂಕ್ ಮೂಲಕ ಹೋಗಲಿ. ಹೊಗೆ ತಪಾಸಣೆಯನ್ನು ಅದೇ ದಿನ, ಅವರ ಎದುರಿಗೇ ಮಾಡಿಸಿ. 2000ದ ಮಾರ್ಚ್ 31ರ ಒಳಗೆ ತಯಾರಾದ ದ್ವಿಚಕ್ರಕ್ಕೆ ಕಾರ್ಬನ್ ಮೊನಾಕ್ಸೈಡ್ ಶೇ 4.5, ಹೈಡ್ರೋಕಾರ್ಬನ್ 9,000 ಪಿಪಿಎಂ ತನಕ ವಿನಾಯಿತಿ ಇದೆ. ಅಷ್ಟನ್ನೂ ದಾಟುವ ಎಂಜಿನ್‌ಗೆ ಕೆಲಸ ಬಾಕಿ ಇದೆ ಅಂತಲೇ ತಿಳಿಯಿರಿ.

ಗಾಡಿ ತರುವಾಗ ಅಟ್ಟದ ಮೇಲಿನ ಗೋಣಿಚೀಲ ಕೇಳಿ. ಹಳೆ ಗಾಡಿ ಇಟ್ಟ ಪ್ರತಿ ಮನೆಯಲ್ಲೂ ಒಂದು ಇರುತ್ತದೆ: ಬಿಚ್ಚಿಟ್ಟ ಕಂಪನಿ ಸೈಲೆನ್ಸರ್, ಹಳೆ ಕಾರ್ಬುರೇಟರ್, ಎರಡನೇ ಕೀಲಿ, ಎಲ್ಲೋ ಸಿಕ್ಕಾಗ ತೆಗೆದಿಟ್ಟ ರಿಂಗ್ ಸೆಟ್. ಅದೂ ಗಾಡಿಯ ಜೊತೆಗೇ ಬರಬೇಕು. ಜೊತೆಗೆ ಇಷ್ಟು ವರ್ಷ ಆ ಗಾಡಿ ಕಟ್ಟಿದ ಮಿಸ್ತ್ರಿಯ ನಂಬರ್ ಇಸ್ಕೊಳ್ಳಿ, ನಿಮ್ಮ ಮಿಸ್ತ್ರಿಯ ನಂಬರ್ ಅವರಿಗೆ ಕೊಡಿ. ಚೀಲ ಕೊಡುವುದಿಲ್ಲ ಅಂದರೆ ಕಂಪನಿ ಸೈಲೆನ್ಸರಿನ ಬೆಲೆ ಮೇಲಿನ ರೊಕ್ಕದಲ್ಲಿ ಮುರಿದುಕೊಂಡೇ ಸಹಿ ಹಾಕಿ.